ಒಂದಂಗಿಯವರ ಇಪ್ಪತ್ತೆರಡು ಅಂಗಿ

ಚುನಾವಣೆಗೆ ನಿಂತಿದ್ದ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ನಾಮಪತ್ರ ಬರೆಯುವಾಗ ಬಿಟ್ಟರೆ ಅದು ಬೇರೆ ಯಾವುದಕ್ಕೂ ಕೆಲಸಕ್ಕೆ ಬರಲಿಲ್ಲ. ಜನರ ಬಾಯಲ್ಲಿ ಅವರು ಒಂದಂಗಿಯವರು. ಎಲ್ಲಿ ಹೋದರೂ ಅದೇ ಬೂದು ಬಣ್ಣದ ಅಂಗಿ, ಬಲಗೈ ಮೊಣಕೈ ಹತ್ತಿರ ಅದೇ ರಫೂ. ಸವೆದು ಹರಿದ ಜಾಗವನ್ನು ಸೂಜಿಯಲ್ಲೇ ನೂಲು ನೇಯ್ದು ಮುಚ್ಚಿದ ಗುರುತು, ಅಂಗೈಯ ಅರ್ಧದಷ್ಟು ಅಗಲ, ಬಟ್ಟೆಗಿಂತ ಒಂದು ಚೂರು ತಿಳಿ. ಭಾಷಣದ ನಡುವೆ ಆ ಕೈ ಎತ್ತಿ ತೋರಿಸುತ್ತಿದ್ದರು.

“ನನಗಿರೋದು ಇದೊಂದೇ ಅಂಗಿ. ಮಲಗೋಕೆ ಮುಂಚೆ ಒಗೆದು ಹಾಕ್ತೀನಿ, ಬೆಳಗ್ಗೆ ತೊಟ್ಕೊಂಡು ನಿಮ್ಮ ಹತ್ರ ಬರ್ತೀನಿ. ಒಣಗದಿದ್ರೆ ಹಸಿ ಅಂಗೀಲೇ ಬರ್ತೀನಿ!”

ಹೆಂಗಸರು ಚ್ಚು ಚ್ಚು ಅನ್ನುತ್ತಿದ್ದರು. ಗಂಡಸರು ಚಪ್ಪಾಳೆ ತಟ್ಟುತ್ತಿದ್ದರು.

ಅಂಗಿಗಳು ಇಪ್ಪತ್ತೆರಡು ಇದ್ದವು.

ಇದು ಗೊತ್ತಿದ್ದದ್ದು ನಾಲ್ಕೇ ಜನಕ್ಕೆ. ತೊಡುವ ಒಂದಂಗಿಯವರಿಗೆ, ಅವರ ಬಟ್ಟೆಬರೆ ನೋಡಿಕೊಳ್ಳುವ ಮನುಷ್ಯನಿಗೆ, ಹೊಲಿದುಕೊಟ್ಟ ಮಾಸ್ಟರಿಗೆ, ಮತ್ತೆ ಮೊಣಕೈಗೆ ರಫೂ ಹಾಕಿದ ಮಾಸ್ಟರ ಹೆಂಡತಿಗೆ. ಐದನೆಯವನಾಗಿ ಇಸ್ತ್ರಿಯವನು ಇರಬೇಕಾಗಿತ್ತು. ಆದರೆ ಆ ಅಂಗಿಗೆ ಇಸ್ತ್ರಿ ಮುಟ್ಟಿಸುವ ಹಾಗಿರಲಿಲ್ಲ. ಒಗೆದು, ಒದ್ದೆಯಲ್ಲೇ ಹಿಂಡಿ, ಮುದುರಿಟ್ಟು ಸುಕ್ಕು ಕೂರಿಸಬೇಕಿತ್ತು. ಅದನ್ನು ಆ ಬಟ್ಟೆಬರೆಯ ಮನುಷ್ಯನೇ ಮಾಡುತ್ತಿದ್ದ. ಮಾಸ್ಟರು ಅವನಿಗೆ ಕನ್ನಡಿ ಅಂತ ಹೆಸರಿಟ್ಟಿದ್ದರು. ದಿನವಿಡೀ ಒಂದಂಗಿಯವರ ಎದುರಿಗೆ ನಿಂತು ಅವರು ಹೇಗೆ ಕಾಣುತ್ತಿದ್ದಾರೆ ಅಂತ ಹೇಳುವುದೇ ಅವನ ಉದ್ಯೋಗ.

ಮಾಸ್ಟರ ಅಂಗಡಿ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆ. ಎಡಕ್ಕೆ ಬೀಗ ರಿಪೇರಿಯವನು, ಬಲಕ್ಕೆ ಕರಪತ್ರ ಅಚ್ಚು ಹಾಕುವ ಪ್ರೆಸ್ಸು. ಪ್ರೆಸ್ಸು ಓಡಿದಾಗ ಕತ್ತರಿಸುವ ಮೇಜು ಸಣ್ಣಗೆ ನಡುಗುತ್ತಿತ್ತು. ಎರಡು ಹೊಲಿಗೆ ಮೆಷಿನ್ನು, ಗೋಡೆ ತುಂಬ ಕಾಗದದ ಅಳತೆಗಳು, ಬೀದಿ ಕಡೆಗೊಂದು ಕಿಟಕಿ. ಆ ಕಿಟಕಿ ಪಕ್ಕದ ಕುರ್ಚಿ ರಫೂ ಅಮ್ಮನದು. ಮಾಸ್ಟರ ಹೆಂಡತಿಯನ್ನು ಬೀದಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಮದುವೆಯಾಗಿ ಬಂದ ಮೂರನೇ ತಿಂಗಳು ಆ ಕುರ್ಚಿಯಲ್ಲಿ ಕೂತವಳು. ನಲವತ್ತನಾಲ್ಕು ವರ್ಷದಲ್ಲಿ ಕುರ್ಚಿಯ ಕಾಲು ಎರಡು ಸಲ ಬದಲಾಗಿತ್ತು, ಕೂತವಳು ಬದಲಾಗಿರಲಿಲ್ಲ.

ಈ ಎರಡು ವರ್ಷದಿಂದ ಅವಳ ಕಣ್ಣಿಗೆ ಪೊರೆ ಬರುತ್ತಿತ್ತು.

ಯಾರಿಗೂ ಹೇಳಿರಲಿಲ್ಲ. ಬೆಳಗ್ಗೆ ಬಿಸಿಲು ನೇರವಾಗಿ ಬೀಳುವ ಹೊತ್ತಿಗೆ ಹತ್ತು ಸೂಜಿಗೆ ದಾರ ಪೋಣಿಸಿ ಕಿಟಕಿ ಪರದೆಗೆ ಸಾಲಾಗಿ ಚುಚ್ಚಿಡುತ್ತಿದ್ದಳು. ಆಮೇಲೆ ಇಡೀ ದಿನ ಸೂಜಿಯ ಕಣ್ಣು ಹುಡುಕುವ ಪ್ರಮೇಯವೇ ಬರುತ್ತಿರಲಿಲ್ಲ. ನೂಲಿನ ಡಬ್ಬಿಯಲ್ಲಿ ಯಾವ ಬಣ್ಣ ಎಲ್ಲಿ ಅಂತ ಬೆರಳಿಗೆ ಗೊತ್ತಿತ್ತು. ಅನುಮಾನ ಬಂದರೆ, “ರೀ, ಈ ಕಂದು ನಿಮಗೆ ಗಾಢ ಅನ್ನಿಸುತ್ತಾ?” ಅಂತ ಕೇಳುತ್ತಿದ್ದಳು. ಅವರು, “ಕಂದು ಎಲ್ಲಿದೆಯೇ, ಅದು ಹಸಿರು,” ಅಂದರೆ, “ನೀವು ನೋಡ್ತೀರೋ ಇಲ್ವೋ ಅಂತ ಕೇಳ್ದೆ,” ಅಂತ ಹೇಳಿ ಬೇರೆ ಉಂಡೆ ತೆಗೆಯುತ್ತಿದ್ದಳು.

ಹೇಳದೆ ಇರುವುದಕ್ಕೆ ಕಾರಣ ಕಾಜಾ ತಾತ. ಅಂಗಡಿಯಲ್ಲಿ ಗುಂಡಿ ತೂರುವ ಕಾಜಾಗಳನ್ನು ಕೈಯಲ್ಲಿ ಕಟ್ಟುತ್ತಿದ್ದ ಮುದುಕ. ಅವನ ಕೈ ನಡುಗಲು ಶುರುವಾದಾಗ ಮಾಸ್ಟರು ಒಂದು ಮಾತು ಗದರಲಿಲ್ಲ. ಬಾಗಿಲ ಹತ್ತಿರ ಮೆತ್ತೆ ಹಾಕಿದ ಕುರ್ಚಿ ಇಟ್ಟು, “ತಾತಾ, ಸಾಕು ದುಡಿದದ್ದು, ಆರಾಮಾಗಿ ಕೂತ್ಕೋ, ಬರೋರನ್ನ ಮಾತಾಡಿಸ್ತಾ ಇರು,” ಅಂದರು. ತಾತ ಹತ್ತು ದಿನ ಬಂದು ಕೂತ. ಬಂದವರನ್ನು ಮಾತಾಡಿಸಿದ. ಹನ್ನೊಂದನೇ ದಿನ ಬರಲಿಲ್ಲ, ಆ ಮೇಲೂ ಬರಲಿಲ್ಲ. ಮಾಸ್ಟರ ಒಳ್ಳೆಯತನ ಎಂಥದ್ದು ಅಂತ ರಫೂ ಅಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಕಣ್ಣಿನ ವಿಷಯ ಬಾಯಿ ಬಿಟ್ಟರೆ ತನಗೂ ಒಂದು ಮೆತ್ತೆಯ ಕುರ್ಚಿ ಬಂದೇ ಬರುತ್ತದೆ, ಸೂಜಿ ಕೈ ಬಿಟ್ಟೇ ಹೋಗುತ್ತದೆ ಅಂತ ಅವಳು ಲೆಕ್ಕ ಹಾಕಿಕೊಂಡಿದ್ದಳು.

ಹೀಗಿರುವಾಗ ಬಂದದ್ದು ಒಂದಂಗಿಯವರ ಬಟ್ಟೆ. ಕನ್ನಡಿ ಅದನ್ನು ಹಳೇ ಚೀಲದಲ್ಲಿ ಸುತ್ತಿ ತಂದಿದ್ದ. ದೂರದಿಂದ ನೋಡಿದರೆ ಗೋಣಿಯ ತಂಗಿ. ಕೈಗೆ ಸಿಕ್ಕರೆ ಬೆಣ್ಣೆ. ಮಾಸ್ಟರು ಬೆರಳ ನಡುವೆ ಉಜ್ಜಿ ನೋಡಿ, ಕನ್ನಡಿ ಆಚೆ ಹೋದ ಮೇಲೆ ನಕ್ಕರು.

“ನೋಡೇ, ದುಡ್ಡು ಸುರಿದು ಬಡತನ ನೇಯಿಸಿದಾರೆ.”

“ಒಂದು ಅಂಗಿಗೆ ಇಷ್ಟು ಬಟ್ಟೆ ಯಾಕ್ರೀ?”

“ಇಪ್ಪತ್ತೆರಡಂತೆ. ದಿನಕ್ಕೆ ಮೂರು ಸಭೆ, ಬೆವರ್ತಾರಂತೆ. ಮೊದಲ ದಿನ ಹೆಂಗಿತ್ತೋ ಕೊನೇ ದಿನಾನೂ ಅಂಗಿ ಹಂಗೇ ಕಾಣ್ಬೇಕಂತೆ. ಒಂದೇ ಅಂಗಿ ಹಾಕ್ಕೊಂಡ್ರೆ ಅದು ಹಳೇದಾಗಿಬಿಡುತ್ತಲ್ಲ.”

ಕೆಲಸ ಹೀಗೆ ನಡೆಯಿತು. ತೋಳನ್ನು ದೇಹಕ್ಕೆ ಕೂಡಿಸುವ ಮೊದಲೇ, ಹಾಸಿದ ತುಂಡಾಗಿದ್ದಾಗಲೇ, ಮಾಸ್ಟರು ಹಿಮ್ಮಡಿ ಉಜ್ಜುವ ಕಲ್ಲಿನಿಂದ ಬಲ ಮೊಣಕೈ ಜಾಗ ತಿಕ್ಕಿ ತಿಕ್ಕಿ ತೂತು ಮಾಡುತ್ತಿದ್ದರು. ಒಂದು ಪೂರ್ತಿ ಆದ ಮೇಲೆ, ಉಳಿದವಕ್ಕೆ ಜಾಗ ತಪ್ಪದಿರಲಿ ಅಂತ ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿಕೊಂಡರು. ಆಮೇಲೆ ಆ ಕಲ್ಲೂ ಅಚ್ಚೂ ರಫೂ ಅಮ್ಮನಿಗೇ ದಾಟಿದವು. “ತಿಕ್ಕೋದೂ ನೀನೇ, ಮುಚ್ಚೋದೂ ನೀನೇ. ನನಗೆ ಕತ್ತರಿ ಕೆಲಸ ಬಾಕಿ ಇದೆ.” ತೂತು ಮಾಡಿ, ಕನ್ನಡಿ ಕೊಟ್ಟ ತಿಳಿ ನೂಲಿನಿಂದ ಅದನ್ನು ನೇಯ್ದು ಮುಚ್ಚುವುದು. ದಿನಕ್ಕೊಂದು, ಒಂದೊಂದು ದಿನ ಎರಡು.

ತೋಳು ಎಡದ್ದೋ ಬಲದ್ದೋ ಅಂತ ತಿಳಿಯಲು ಮಾಸ್ಟರು ಯಾವಾಗಲೂ ಅಂಚಿನಲ್ಲಿ ಕತ್ತರಿಯ ತುದಿಯಿಂದ ಸಣ್ಣ ಗೀರು ಹಾಕುವವರು. ಬಲಕ್ಕೆ ಒಂದು, ಎಡಕ್ಕೆ ಎರಡು. ಉಗುರಿಗೆ ಸಿಗುವಂಥ ಗೀರು. ಆದರೆ ಈ ಬೆಣ್ಣೆ ಬಟ್ಟೆಗೆ ಕತ್ತರಿ ತಾಗಿಸಿದರೆ ನೂಲು ಬಿಚ್ಚಿ ಬರುತ್ತಿತ್ತು. ಅದಕ್ಕೇ ಈ ಸಲ ಸೀಮೆಸುಣ್ಣದ ಗುರುತು ಹಾಕಿದರು. ಬೂದು ಬಟ್ಟೆಯ ಮೇಲೆ ಬಿಳಿ ಸೀಮೆಸುಣ್ಣ, ಕಣ್ಣಿದ್ದವರಿಗೆ ಚೆನ್ನಾಗಿಯೇ ಕಾಣುತ್ತಿತ್ತು. ರಫೂ ಅಮ್ಮನಿಗೆ ಅದು ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಬಟ್ಟೆಯ ಒಳಮೈ ಹೊರಮೈ ಎರಡೂ ಒಂದೇ ಥರ. ಹಾಗಾಗಿ ಅವಳು ತೋಳು ಇಟ್ಟಿದ್ದ ರಾಶಿಯನ್ನು ನಂಬಿದಳು. ಬಲಗಡೆ ರಾಶಿ ಬಲ ತೋಳು, ಎಡಗಡೆ ರಾಶಿ ಎಡ ತೋಳು. ಒಂದು ಮಧ್ಯಾಹ್ನ ಪ್ರೆಸ್ಸಿನ ನಡುಕಕ್ಕೋ, ಬೀದಿ ಗಾಳಿಗೋ ಒಂದು ತೋಳು ಜಾರಿ ಕೆಳಗೆ ಬಿತ್ತು. ಎತ್ತಿ ಬಲಗಡೆ ಇಟ್ಟಳು. ಮರುದಿನ ಅದಕ್ಕೂ ರಫೂ ಹಾಕಿದಳು.

ಅದು ಎಡ ತೋಳು.

ಮಾಸ್ಟರು ತೋಳು ಕೂಡಿಸುವಾಗ ಸೀಮೆಸುಣ್ಣದ ಗುರುತು ನೋಡಿ ಎಡಕ್ಕೆ ಎಡ, ಬಲಕ್ಕೆ ಬಲ ಸರಿಯಾಗಿಯೇ ಕೂಡಿಸಿದರು. ಲೆಕ್ಕಕ್ಕೆ ಇಪ್ಪತ್ತೆರಡು ರಫೂ ಆಗಿದ್ದವು, ಆ ಎಡ ತೋಳಿಗೆ ಜೋಡಿಯಾದ ಬಲ ತೋಳು ಮಾತ್ರ ಬರಿದಾಗಿ ಉಳಿದಿತ್ತು. ರಫೂ ಯಾವುದರಲ್ಲಿದೆ ಅಂತ ಅವರು ನೋಡಲಿಲ್ಲ. ಹೆಂಡತಿಯ ಕೆಲಸವನ್ನು ಎರಡನೇ ಸಲ ನೋಡುವ ಅಭ್ಯಾಸ ಅವರಿಗೆ ಇರಲಿಲ್ಲ.

ಚುನಾವಣೆಗೆ ಇನ್ನು ಹದಿನೆಂಟು ದಿನ ಇರುವಾಗ ಒಂದಂಗಿಯವರು ಬೆಳಗ್ಗೆ ಮೂಟೆ ಇಳಿಸುವವರ ಹತ್ತಿರ ಹೋಗಿ ಕೈ ಎತ್ತಿದರು. ಮಧ್ಯಾಹ್ನ ಊಟ ಮಾಡಿ, ಅಂಗಿ ಬದಲಾಯಿಸಿ, ಶಾಲೆಯ ಮೈದಾನದಲ್ಲಿ ಕೈ ಎತ್ತಿದರು. ಬಲಗೈ ಎತ್ತಿದರು, ತೋರಿಸಲು ಏನೂ ಇರಲಿಲ್ಲ. ಎತ್ತಿದವರಿಗೆ ಗೊತ್ತಾಗಲಿಲ್ಲ. ಮರುದಿನ ಪೇಪರಿನಲ್ಲಿ ಎರಡು ಫೋಟೋ ಪಕ್ಕ ಪಕ್ಕ ಬಂದವು. ಬೆಳಗಿನದರಲ್ಲಿ ರಫೂ ಬಲಕ್ಕೆ, ಮಧ್ಯಾಹ್ನದ್ದರಲ್ಲಿ ಎಡಕ್ಕೆ. ಎದುರಾಳಿ ಮೈಕು ಹಿಡಿದು, “ಇವರು ಪಕ್ಷ ಬದಲಾಯಿಸಿದ್ದು ಮೂರೇ ಸಲ. ಇವರ ರಫೂ ಅದನ್ನೂ ಮೀರಿಸಿದೆ, ಊಟದ ಹೊತ್ತಿಗೇ ಪಕ್ಷಾಂತರ ಮಾಡಿದೆ!” ಅಂದ. ಬೀಗದವನು ಆ ಪೇಪರನ್ನು ತನ್ನ ಬಾಗಿಲಿಗೇ ಅಂಟಿಸಿಕೊಂಡ.

ರಫೂ ಅಮ್ಮ ಪೇಪರನ್ನು ಕಿಟಕಿಗೆ ಹಿಡಿದು, ಮೂಗಿಗೆ ತಾಗುವಷ್ಟು ಹತ್ತಿರ ತಂದು ನೋಡಿದಳು. ಮಡಚಿ ಮಂಡಿಯ ಮೇಲೆ ಇಟ್ಟುಕೊಂಡಳು. ಆ ದಿನ ಟೀ ಕುಡಿಯಲಿಲ್ಲ.

ಕನ್ನಡಿ ಬಂದದ್ದು ಹತ್ತು ಗಂಟೆಗೆ. ಬೈಯಲಿಲ್ಲ. ಬೈಯುವ ಚೈತನ್ಯ ಅವನಲ್ಲಿ ಉಳಿದಿರಲಿಲ್ಲ.

“ಮೊದಲು ಫೋಟೋ ತಿರುಗುಮುರುಗಾಗಿದೆ ಅಂತ ಹೇಳಿದ್ವಿ. ಯಾರೋ ಜೇಬು ನೋಡಿಬಿಟ್ರು. ಎರಡರಲ್ಲೂ ಜೇಬು ಎಡಗಡೇನೇ ಇದೆ. ಮಾಸ್ಟರೇ, ಯಾರ ಕೈ ಇದು?”

ರಫೂ ಅಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೇಳಿದರೆ ಯಾಕೆ ಹೀಗಾಯಿತು ಅಂತ ಕೇಳುತ್ತಾರೆ. ಅದನ್ನು ಹೇಳಿದರೆ ಕುರ್ಚಿ ಹೋಯಿತು.

“ನನ್ನದೇ,” ಅಂದರು ಮಾಸ್ಟರು, ಅಳತೆಪಟ್ಟಿಯನ್ನು ಕತ್ತಿನಿಂದ ತೆಗೆಯದೆ. “ಗುರುತು ಹಾಕುವಾಗ ತಪ್ಪಿದೀನಿ.”

ಅವರು ಅದನ್ನು ನಿಜ ಅಂತಲೇ ನಂಬಿದ್ದರು. ಬೆಳಗ್ಗೆಯಿಂದ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ರಫೂ ಅಮ್ಮ ಮಂಡಿಯ ಮೇಲಿನ ಪೇಪರನ್ನು ಇನ್ನೊಂದು ಸಲ ಮಡಚಿದಳು.

“ಆಗಿದ್ದಾಯ್ತು,” ಅಂದ ಕನ್ನಡಿ. “ಈಗೊಂದೇ ದಾರಿ. ಎಲ್ಲಾ ಅಂಗಿಗೂ ಎರಡೂ ಮೊಣಕೈಗೆ ರಫೂ ಇರ್ಬೇಕು. ಜನರ ಕಷ್ಟ ಕೇಳ್ತಾ ಕೇಳ್ತಾ ಮೇಜಿಗೆ ಎರಡೂ ಮೊಣಕೈ ಊರಿ ಸವೆದಿದೆ ಅಂತೀವಿ.”

“ಮತ್ತೆ ನಿನ್ನೆ ಫೋಟೋದಲ್ಲಿ ಒಂದೊಂದೇ ಇತ್ತಲ್ಲ?” ಅಂದರು ಮಾಸ್ಟರು.

“ಬಿಸಿಲಿಗೆ ಕಂಡಿಲ್ಲ ಅಂತೀವಿ. ಆ ಎಡದ್ದೂ ಸೇರಿ ಆರು ಅಂಗಿ ಇನ್ನು ಹೊರಗೇ ತೆಗೆಯಲ್ಲ. ನಮ್ಮವರು ಎರಡು ದಿನ ಜ್ವರ ಅಂತ ಮಲಗ್ತಾರೆ. ಮಿಕ್ಕ ಹದಿನಾರು ತಂದಿದೀನಿ. ನಾಡಿದ್ದು ಬೆಳಗ್ಗೆ ಬರ್ತೀನಿ.”

ಹದಿನಾರು ಅಂಗಿ, ಎರಡು ಹಗಲು. ಈಗ ತೋಳು ಹಾಸಿದ ತುಂಡೂ ಅಲ್ಲ, ಹೊಲಿದು ಕೊಳವೆಯಾಗಿತ್ತು. ಒಳಗೆ ಏನಾದರೂ ಗುಂಡಗಿನದು ತೂರಿಸಿ ಅದರ ಮೇಲೆ ಬಟ್ಟೆ ಬಿಗಿ ಹಿಡಿದು ನೇಯಬೇಕು. ರಫೂ ಅಮ್ಮ ಅದಕ್ಕೆ ಉರಿದು ಹೋದ ದೊಡ್ಡ ಬಲ್ಬು ಇಟ್ಟುಕೊಂಡಿದ್ದಳು. ಒಬ್ಬಳ ಕೈಯಲ್ಲಿ ಮುಗಿಯುವ ಕೆಲಸ ಅಲ್ಲ ಅಂತ ಮಾಸ್ಟರು ತಮ್ಮ ತಂಗಿಗೆ ಹೇಳಿ ಕಳಿಸಿದರು. ಆಕೆ ದೊಡ್ಡಾಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಹರಿದ ಹಾಸಿಗೆ ಹೊದಿಕೆ ಹೊಲಿಯುವವಳು. ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಎರಡು ದಿನ ರಜೆ ಹಾಕಿ, ತನ್ನದೇ ಸೂಜಿ, ತನ್ನದೇ ಬಲ್ಬು ಹಿಡಿದುಕೊಂಡು ಬಂದಳು.

“ಅಣ್ಣಾ, ತಪ್ಪು ನಿಂದು, ಬೆನ್ನು ಮುರಿಯೋದು ನಮ್ದು. ಚೆನ್ನಾಗಿದೆ ನಿನ್ನ ಸಂಸಾರ.”

“ಬಾಯಿಗೆ ಕೊಟ್ಟ ಕೆಲಸ ಕೈಗೆ ಕೊಡು, ತಾಯಿ.”

“ಎರಡೂ ಒಟ್ಟಿಗೆ ನಡೆಯುತ್ತೆ ನಂದು. ಅತ್ತಿಗೆ, ಸ್ವಲ್ಪ ಸರೀರಿ, ನನಗೂ ಬೆಳಕು ಬರ್ಲಿ.”

ಒಬ್ಬೊಬ್ಬರಿಗೆ ಎಂಟೆಂಟು. ನಾದಿನಿ ಮೊದಲ ಅಂಗಿ ಮುಗಿಸಿ ಎರಡನೆಯದಕ್ಕೆ ಕೈ ಹಾಕಿದಾಗ ರಫೂ ಅಮ್ಮ ಇನ್ನೂ ಅರ್ಧದಲ್ಲಿದ್ದಳು. ಎಡಗೈ ಹೆಬ್ಬೆರಳನ್ನು ಮುಂದೆ ಇಟ್ಟು, ಸೂಜಿಯ ಮೊನೆ ಅದಕ್ಕೆ ತಾಗಿದ ಮೇಲೆ ಎಳೆಯುತ್ತಿದ್ದಳು. ಹೆಬ್ಬೆರಳ ತುದಿ ತುಂಬ ಚುಚ್ಚಿದ ಕಲೆ. ನಾದಿನಿ ಸ್ವಲ್ಪ ಹೊತ್ತು ಹರಟೆ ಹೊಡೆದಳು. ಆಮೇಲೆ ಹರಟೆ ನಿಂತಿತು. ಮಾಸ್ಟರು ಗುಂಡಿ ತರಲು ಆಚೆ ಹೋಗುವುದನ್ನೇ ಕಾದು ಕೇಳಿದಳು.

“ಅತ್ತಿಗೆ, ನಾನು ಎಷ್ಟು ಬೆರಳು ತೋರಿಸ್ತಿದೀನಿ ಹೇಳಿ ನೋಡೋಣ.”

“ಹುಚ್ಚಾಟ ಸಾಕು, ಕೆಲಸ ಮಾಡು.”

“ಹೇಳಿ ಅಂದ್ರೆ.”

“ಎರಡು.”

“ಕೈಯೇ ಎತ್ತಿಲ್ಲ ನಾನು.”

ಪ್ರೆಸ್ಸು ಓಡುತ್ತಿತ್ತು. ಮೇಜಿನ ಮೇಲಿನ ಕತ್ತರಿ ಸಣ್ಣಗೆ ಗಿಣಿಗಿಣಿ ಅಂದಿತು.

“ನಿಮ್ಮಣ್ಣಂಗೆ ಹೇಳ್ಬೇಡ,” ಅಂದಳು ರಫೂ ಅಮ್ಮ.

“ಎಷ್ಟು ದಿನ ಆಯ್ತು?”

“ಎರಡು ವರ್ಷ.”

“ಎರಡು ವರ್ಷ! ನಾನು ಕೆಲಸ ಮಾಡೋ ಕಟ್ಟಡದಲ್ಲೇ, ನಮ್ಮ ಮೇಲಿನ ಮಹಡೀಲೇ, ದಿನಕ್ಕೆ ಇಪ್ಪತ್ತು ಜನಕ್ಕೆ ಪೊರೆ ತೆಗೀತಾರೆ. ಆ ಹೊದಿಕೆ ಎಲ್ಲಾ ನಾನೇ ಹೊಲಿಯೋದು. ಅರ್ಧ ಗಂಟೆ ಕೆಲಸ ಅತ್ತಿಗೆ!”

“ತೆಗೆದ ಮೇಲೂ ಸರಿ ಹೋಗ್ಲಿಲ್ಲ ಅಂದ್ರೆ? ಈಗ ಹೆಂಗೋ ಬೆರಳಲ್ಲಿ ನಡೀತಾ ಇದೆ. ಆಪರೇಷನ್ ಅಂದ್ರೆ ಎಲ್ಲರಿಗೂ ಗೊತ್ತಾಗುತ್ತೆ. ನಿಮ್ಮಣ್ಣ ನನ್ನನ್ನ ಮೂಲೇಲಿ ಕೂರಿಸಿ ದಿನಾ ಹಾಲು ಕೊಡ್ತಾರೆ. ನಂಗೆ ಬೇಡ.”

ನಾದಿನಿ ಏನೋ ಹೇಳಲು ಹೋದಳು. ಅಷ್ಟರಲ್ಲಿ ಅಣ್ಣ ಬಾಗಿಲಿಗೆ ಬಂದರು. “ಏನು, ಬಾಯಿ ನಿಂತಿದೆ? ಮೈ ಹುಷಾರಿಲ್ವಾ?” ಅಂದರು.

“ಸೂಜಿ ಬಾಯಲ್ಲಿತ್ತು,” ಅಂದಳು ನಾದಿನಿ. ಆ ಎರಡು ದಿನ ತಾನು ಹತ್ತು ಅಂಗಿ ಮಾಡಿದಳು, ಅತ್ತಿಗೆಗೆ ಆರು ಬಿಟ್ಟಳು.

ಮೂರನೇ ದಿನ ಬೆಳಗ್ಗೆ ಕನ್ನಡಿ ಹದಿನಾರು ಅಂಗಿಯ ಎಡ ತೋಳುಗಳನ್ನು ಕತ್ತರಿಸುವ ಮೇಜಿನ ಮೇಲೆ ಉದ್ದಕ್ಕೂ ಹರಡಿದ. ನಾದಿನಿಯ ಹತ್ತು ರಫೂ ಚಾಪೆ ಹೆಣೆದ ಹಾಗಿದ್ದವು, ಗೆರೆ ಎಳೆದು ಕೂಡಿಸಿದ ಹಾಗೆ. ಅವನು ಅವುಗಳನ್ನು ನೋಡಿ ಹ್ಮ್ ಅಂದ. ಆಮೇಲೆ ಕೊನೆಯ ಆರು. ನೂಲು ಒಂದು ಕಡೆ ದಟ್ಟ, ಒಂದು ಕಡೆ ಸಡಿಲ. ಒಂದರಲ್ಲಿ ಅಂಚು ಮುದುರಿ ಗಂಟಾಗಿತ್ತು. ಇನ್ನೊಂದರಲ್ಲಿ ನೇಯ್ಗೆ ತೂತಿನಿಂದ ಅರ್ಧ ಬೆರಳು ಆಚೆ ಹೋಗಿತ್ತು.

ರಫೂ ಅಮ್ಮ ಕುರ್ಚಿಯಲ್ಲಿ ಸೆರಗು ಹಿಡಿದು ಕೂತಿದ್ದಳು. ಅವಳಿಗೆ ಮೇಜು ಕಾಣುತ್ತಿರಲಿಲ್ಲ, ಬಗ್ಗಿದ ಬೆನ್ನು ಮಸುಕಾಗಿ ಕಾಣುತ್ತಿತ್ತು. ಈಗ ಬೈಗುಳ ಬರುತ್ತದೆ ಅಂತ ಕಾದಳು.

“ಇದು! ಇದು ನೋಡಿ ಅಂದ್ರೆ!” ಅಂತ ಕನ್ನಡಿ ಕೂಗಿದ. “ಮಾಸ್ಟರೇ, ಇಷ್ಟು ದಿನ ಎಲ್ಲಿಟ್ಟಿದ್ರಿ ಇದನ್ನ? ಅಮ್ಮ ಬೆಳಗಿನ ಗಡಿಬಿಡೀಲಿ ಮಗನಿಗೆ ಹಾಕಿಕೊಟ್ಟ ಹಾಗಿದೆ. ಕಣ್ಣಲ್ಲಿ ನೀರು ಬರುತ್ತೆ! ಆ ಹತ್ತು ಬೇಡ. ತುಂಬಾ ಚೆನ್ನಾಗಿವೆ, ಕಾಸು ಕೊಟ್ಟು ಮಾಡಿಸಿದ ಹಾಗೆ ಕಾಣುತ್ತೆ.”

“ಕಾಸು ಕೊಟ್ಟೇ ಅಲ್ವಾ ಮಾಡಿಸಿದ್ದು?” ಅಂದಳು ನಾದಿನಿ. “ಇಪ್ಪತ್ತೊಂದು ವರ್ಷ ಸೂಜಿ ಹಿಡಿದಿದೀನಿ. ಚೆನ್ನಾಗಿದೆ ಅದಕ್ಕೆ ಬೇಡ ಅನ್ನಿಸಿಕೊಂಡಿದ್ದು ಇವತ್ತೇ.”

“ಬೇಜಾರು ಮಾಡ್ಕೋಬೇಡಿ ಅಕ್ಕ. ಬಿಚ್ಚಿ ಇನ್ನೊಂದ್ಸಲ ಹಾಕಿ, ಈ ಥರ. ಇದು ಯಾರ ಕೈ? ಅಮ್ಮಂದಾ? ಅಮ್ಮಾ, ಇವರಿಗೆ ಹೆಂಗೆ ಅಂತ ಸ್ವಲ್ಪ ಹೇಳಿಕೊಡಿ. ಆ ಕೈಚಳಕ ಎಲ್ಲರಿಗೂ ಬರಲ್ಲ.”

ಅಂಗಿಯನ್ನು ತಂದು ಅವಳ ಮಡಿಲಲ್ಲಿ ಇಟ್ಟ. ರಫೂ ಅಮ್ಮ ಬೆರಳಿಂದ ಸವರಿದಳು. ಗಂಟು ಸಿಕ್ಕಿತು. ಸಡಿಲ ಸಿಕ್ಕಿತು. ತೂತಿನ ಅಂಚು ದಾಟಿ ಬಂದ ನೂಲು ಸಿಕ್ಕಿತು. ಹದಿನೇಳು ವರ್ಷದ ಹುಡುಗಿಯಾಗಿದ್ದಾಗ ಇಂಥದ್ದೊಂದು ಹಾಕಿದ್ದಕ್ಕೆ ಅವಳ ಸೋದರತ್ತೆ ಅದನ್ನು ಎಲ್ಲರೆದುರು ಬಿಚ್ಚಿ ಹಾಕಿದ್ದಳು. ಆ ದಿನ ಅತ್ತಿದ್ದಳು. ಇವತ್ತು ಹೊಗಳುತ್ತಿದ್ದಾರೆ.

ಎದುರಿಗೆ ನಾದಿನಿ ಸೂಜಿ ಹಿಡಿದು ಕಾಯುತ್ತಿದ್ದಳು. ಏನು ಹೇಳಿಕೊಡುವುದು?

“ಹೇಳಿಕೊಡೋಕೆ ಏನಿಲ್ಲಪ್ಪ,” ಅಂದಳು. “ನನಗೆ ಕಣ್ಣು ಕಾಣಲ್ಲ. ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷ ಆಯ್ತು. ಅವತ್ತು ಎಡ ತೋಳಿಗೆ ರಫೂ ಹಾಕಿದ್ದೂ ನಾನೇ, ಗುರುತು ಕಾಣ್ಲಿಲ್ಲ. ಇವರದ್ದೇನೂ ತಪ್ಪಿಲ್ಲ.”

ಮಾಸ್ಟರ ಕತ್ತರಿ ಅರ್ಧ ಗೆರೆಯಲ್ಲಿ ನಿಂತಿತು.

ಕನ್ನಡಿ ಮಾತ್ರ ನಿಲ್ಲಲಿಲ್ಲ. ಅವನ ತಲೆಯಲ್ಲಿ ಆಗಲೇ ಬೇರೇನೋ ಓಡುತ್ತಿತ್ತು. “ಪೊರೆ ಅಂದ್ರೆ ಆಪರೇಷನ್ ಆಗುತ್ತಲ್ಲ ಅಮ್ಮ. ದೊಡ್ಡ ವಿಷಯ ಅಲ್ಲ. ಆದ್ರೆ ಒಂದು ಉಪಕಾರ ಮಾಡಿ. ಚುನಾವಣೆ ಮುಗಿಯೋವರೆಗೂ ಮಾಡಿಸ್ಕೋಬೇಡಿ. ಇನ್ನು ಹದಿನೈದೇ ದಿನ. ಆ ಹತ್ತೂ ನೀವೇ ಹಾಕಿಬಿಡಿ.”

ಅದನ್ನು ಅವನು ಒಳ್ಳೆಯ ಮನಸ್ಸಿಂದಲೇ ಹೇಳಿದ. ಕೈ ಕೂಡ ಮುಗಿದ.

ಮಾಸ್ಟರು ನಿಂತ ಕತ್ತರಿಯನ್ನು ಮತ್ತೆ ಓಡಿಸಿ ಆ ಗೆರೆ ಮುಗಿಸಿದರು. ಅರ್ಧಕ್ಕೆ ಬಿಟ್ಟರೆ ಬಟ್ಟೆ ಕೆಡುತ್ತದೆ. ಆಮೇಲೆ ಕತ್ತರಿ ಇಟ್ಟು, ಹದಿನಾರು ಅಂಗಿಯನ್ನೂ ಒಂದರ ಮೇಲೊಂದು ಹಾಕಿ ಚೀಲಕ್ಕೆ ತುಂಬಿದರು.

“ಹೆಂಗಿದೆಯೋ ಹಂಗೇ ತಗೊಂಡು ಹೋಗಿ.”

“ಮಾಸ್ಟರೇ, ಹತ್ತು ಅಂಗಿ…”

“ನಮ್ಮಲ್ಲಿ ಹೊಲಿಯೋದು ಚೆನ್ನಾಗಿರೋದು. ಕೆಟ್ಟದ್ದು ಬೇಕಿದ್ರೆ ಅಂಗಡಿಗಳು ಬೇಕಾದಷ್ಟಿವೆ.”

ಕನ್ನಡಿ ಹೋದ ಮೇಲೆ ಮಾಸ್ಟರು ಹೆಂಡತಿಯ ಎದುರಿಗೆ ಸ್ಟೂಲು ಎಳೆದುಕೊಂಡು ಕೂತರು. ನಾದಿನಿ ಟೀ ತರುವ ನೆಪ ಹೇಳಿ ಆಚೆ ನಡೆದಳು. ಆದರೆ ಬೀಗದವನ ಅಂಗಡಿಗಿಂತ ಮುಂದೆ ಹೋಗಲಿಲ್ಲ.

“ಎರಡು ವರ್ಷ,” ಅಂದರು ಮಾಸ್ಟರು. “ಕಂದೋ ಹಸಿರೋ ಅಂತ ನನ್ನನ್ನ ಪರೀಕ್ಷೆ ಮಾಡ್ತಿದ್ಯಲ್ಲ, ಅದಾ?”

“ಹೂಂ.”

“ನನ್ನ ಹತ್ರ ಹೇಳೋಕೆ ಏನಾಗಿತ್ತೇ ನಿಂಗೆ? ಕಾಜಾ ತಾತನ ಹಾಗೆ ಕೂರಿಸ್ತೀನಿ ಅಂದ್ಕೊಂಡ್ಯಾ?”

“ಹೌದು.”

ಮಾಸ್ಟರು ಇಲ್ಲ ಅಂತ ಹೇಳಬೇಕು ಅಂತಿದ್ದರು. ಅಳತೆಪಟ್ಟಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

“ಕೂರಿಸ್ತಿದ್ದೆನೋ ಏನೋ,” ಅಂದರು ಕೊನೆಗೆ. “ಅವನು ಬೇಜಾರು ಮಾಡ್ಕೊಂಡು ಹೋದ ಅಂತ ನಂಗೆ ಆಮೇಲೆ ತಿಳೀತು. ಕೈ ನೋಯಿಸಬಾರದು ಅಂತ ಮಾಡಿದ್ದು ನಾನು.”

“ನನ್ನನ್ನ ಹಾಗೆ ಮಾಡ್ಬೇಡಿ. ಕೆಲಸ ಕೆಟ್ಟಿದ್ರೆ ಕೆಟ್ಟಿದೆ ಅಂತ ಬೈದು ಬಿಚ್ಚಿ ಕೊಡಿ. ಮೆತ್ತೆ ಹಾಕ್ಬೇಡಿ.”

“ಸರಿ.”

“ಸರಿ ಅಂತ ಬಾಯಲ್ಲಿ ಹೇಳ್ತೀರಾ.”

“ಇನ್ನೆಲ್ಲಿ ಹೇಳ್ಲೇ?”

ನಾದಿನಿ ಬರಿಗೈಯಲ್ಲಿ ಒಳಗೆ ಬಂದಳು. “ಟೀ ಮುಗಿದಿತ್ತು. ಅತ್ತಿಗೆ, ನಾಳೆ ಎಂಟು ಗಂಟೆಗೆ ಹೊರಡೋಣ. ಚೀಟಿ ನಾನು ಮಾಡಿಸ್ತೀನಿ.”

ಮೊದಲು ಬಲಗಣ್ಣಿನ ಪೊರೆ ತೆಗೆದರು. ಎಡಗಣ್ಣಿಗೆ ತಿಂಗಳು ಬಿಟ್ಟು ಬನ್ನಿ ಅಂದರು. ರಫೂ ಅಮ್ಮ ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದಳು, ಪಟ್ಟಿ ಬಿಚ್ಚಿದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಹನಿ ಬಿಟ್ಟುಕೊಳ್ಳುತ್ತಿದ್ದಳು. ಬೀದಿಯಲ್ಲಿ ಮೈಕು ಕೂಗುತ್ತಿದ್ದವು. ಆ ಹತ್ತು ಅಂಗಿಯನ್ನು ಯಾರು ಕೆಡಿಸಿಕೊಟ್ಟರೋ ಗೊತ್ತಾಗಲಿಲ್ಲ. ಮೊದಲು ಒಂದು ಕೈ ಎತ್ತುತ್ತಿದ್ದ ಒಂದಂಗಿಯವರು ಈಗ ಎರಡೂ ಕೈ ಎತ್ತುತ್ತಿದ್ದಾರೆ ಅಂತ ಬೀಗದವನು ಬಂದು ವರದಿ ಕೊಟ್ಟ. “ದರೋಡೆಯವರು ಬಂದೂಕು ತೋರಿಸಿದ ಹಾಗೆ ಎತ್ತುತ್ತಾರಮ್ಮ!” ಜನ ಒಂದು ವಾರ ನಕ್ಕರು. ಆಮೇಲೆ ಎದುರಾಳಿಯ ಮಗನ ಮದುವೆಯ ಫೋಟೋ ಬಂತು, ಮದುಮಗನ ದುಬಾರಿ ಬೂಟಿನ ವಿಷಯ ಎದ್ದಿತು, ಅಂಗಿ ಮರೆತರು. ಒಂದಂಗಿಯವರು ಗೆದ್ದರು. ಗೆಲುವು ದೊಡ್ಡದೇನಲ್ಲ, ಆದರೂ ಗೆಲುವೇ.

ಕಪ್ಪು ಕನ್ನಡಕ ತೆಗೆದ ದಿನ ಅವಳು ಅಂಗಡಿಗೆ ಬಂದಳು. ಗೋಡೆಯ ಸುಣ್ಣ ಎಷ್ಟು ಕಪ್ಪಾಗಿದೆ ಅಂತ ಬೈದಳು. ಗಂಡನ ಗಲ್ಲದ ಮೇಲೆ ಕ್ಷೌರದವನು ಬಿಟ್ಟುಹೋದ ನಾಲ್ಕು ಕೂದಲು ಕಂಡು, “ಇಷ್ಟು ದಿನ ಹೀಗೇ ತಿರುಗ್ತಿದ್ರಾ?” ಅಂದಳು. ಕೈಗೆ ಮೊದಲು ಸಿಕ್ಕಿದ ಕೆಲಸ ಒಬ್ಬ ಮೇಷ್ಟ್ರ ಕೋಟು, ಸಿಗರೇಟಿನ ಕಿಡಿ ಬಿದ್ದದ್ದು. ಒಂದು ಗಂಟೆ ಹಿಡಿಯಿತು. ಮಾಸ್ಟರು ಬಂದು ನೋಡಿದರು, ಬೆರಳಿಟ್ಟು ತಿರುಗಿಸಿದರು. “ಈ ಕಡೆ ಒಂದು ಎಳೆ ಬಿಗಿಯಾಗಿದೆ,” ಅಂದರು. ಬಿಚ್ಚಿ ಅವಳ ಮಡಿಲಿಗೆ ಹಾಕಿದರು. ಅವಳು ಮುಖ ಊದಿಸಿಕೊಂಡು ಮತ್ತೆ ಹಾಕಿದಳು. ಆ ದಿನ ಮಧ್ಯಾಹ್ನ ಊಟ ಹೊಟ್ಟೆ ತುಂಬ ಸೇರಿತು.

ಮರುವಾರ ಕನ್ನಡಿ ಬಂದ. ಮುಖ ತುಂಬಿಕೊಂಡಿತ್ತು, ಬೂಟು ಹೊಸದು. ಕೈಯಲ್ಲಿ ಆರು ಅಂಗಿ, ಬಟ್ಟೆ ಮೊದಲಿನದಕ್ಕಿಂತ ನಯ. ಮೊಣಕೈ ಆಗಲೇ ಬೇರೆ ಕಡೆ ತಿಕ್ಕಿಸಿ ತಂದಿದ್ದ.

“ಪ್ರಮಾಣವಚನಕ್ಕೆ ಬೇಕು. ಬೇರೆ ಕಡೆ ಕೊಟ್ಟು ನೋಡ್ದೆ ಮಾಸ್ಟರೇ. ಕೆಡಿಸ್ತಾರೆ, ಆದ್ರೆ ಕೆಡಿಸಿದ್ದು ಗೊತ್ತಾಗುತ್ತೆ. ಅಮ್ಮನ ಕೈಯಲ್ಲಿ ಒಂದು ಇತ್ತು ನೋಡಿ, ಅದೇ ಬೇಕು. ಸಾಹೇಬ್ರೇ ಹೇಳಿ ಕಳಿಸಿದಾರೆ.”

ಮಾಸ್ಟರು ಬೇಡ ಅನ್ನಲು ಹೊರಟಿದ್ದರು. ರಫೂ ಅಮ್ಮ ಕೈ ಚಾಚಿ ಒಂದು ಅಂಗಿ ತೆಗೆದುಕೊಂಡಳು. ಅವಳಿಗೆ ಒಂದು ಕುತೂಹಲ. ಬಲ್ಬು ತೂರಿಸಿ, ಕನ್ನಡಿ ಕೊಟ್ಟ ತಿಳಿ ನೂಲು ಪೋಣಿಸಿ ಕೂತಳು. ಕೆಟ್ಟದಾಗಿ ಹಾಕಬೇಕು ಅಂತ ಮನಸ್ಸು ಮಾಡಿಯೇ ಶುರು ಮಾಡಿದಳು. ಮೊದಲ ನಾಲ್ಕು ಎಳೆ ಸೊಟ್ಟ ಬಂದವು. ಐದನೆಯದು ನೇರವಾಯಿತು. ಸೊಟ್ಟ ಇದ್ದದ್ದು ಕಣ್ಣಿಗೆ ಚುಚ್ಚಿತು, ಬಿಚ್ಚಿದಳು. ಮತ್ತೆ ಸಡಿಲ ಬಿಡಲು ನೋಡಿದಳು. ಬೆರಳು ತಾನಾಗಿಯೇ ಎಳೆದು ಕೂರಿಸಿತು. ಒಂದು ಗಂಟು ಹಾಕಿ ನೋಡಿದಳು, ಗಂಟಿನ ಮೇಲಿಂದ ಕಣ್ಣು ತೆಗೆಯಲಾಗಲಿಲ್ಲ, ಅದನ್ನೂ ಬಿಡಿಸಿದಳು. ಕನ್ನಡಿ ಸ್ಟೂಲಿನಲ್ಲಿ ಕೂತು ಎರಡು ಟೀ ಕುಡಿದ.

ಕೊನೆಗೆ ಅವಳು ಅಂಗಿ ಕೊಟ್ಟಾಗ ರಫೂ ಹೊಸ ಚಾಪೆಯ ಹಾಗೆ ಸಮವಾಗಿತ್ತು.

“ಅಮ್ಮಾ, ಇದು ಆ ಅಕ್ಕ ಹಾಕಿದ ಹಾಗೇ ಇದೆಯಲ್ಲ.”

“ಅವಳದಕ್ಕಿಂತ ಚೆನ್ನಾಗಿದೆ. ಸರಿಯಾಗಿ ನೋಡು.”

“ನಮಗೆ ಮೊದಲಿನ ಥರ ಬೇಕು.”

“ನೋಡ್ದೆಯಲ್ಲ, ಮಾಡೋಕೆ ಹೋದೆ, ಬರಲ್ಲ.”

ಕನ್ನಡಿ ಅಂಗಿಯನ್ನು ತಿರುಗಿಸಿ ನೋಡಿದ. “ಕಣ್ಣು ಮುಚ್ಚಿಕೊಂಡು ಹಾಕಿದ್ರೆ?”

ಮಾಸ್ಟರು ಕೆಮ್ಮಿದರು. ನಗು ಬಂದದ್ದನ್ನು ಕೆಮ್ಮಿನಲ್ಲಿ ಮುಚ್ಚಿದ್ದು ಅಂತ ಈಗ ಅವಳಿಗೆ ಕಾಣುತ್ತಿತ್ತು.

“ಎರಡು ವರ್ಷ ಹಾಗೇ ಹಾಕಿದೀನಪ್ಪ. ಇನ್ನಾಗಲ್ಲ.”

ಅವನು ಆರೂ ಅಂಗಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡ. ಬಾಗಿಲ ಹತ್ತಿರ ನಿಂತು, “ಸಾಹೇಬ್ರಿಗೆ ಏನಂತ ಹೇಳ್ಲಿ?” ಅಂದ.

“ಅಮ್ಮನಿಗೆ ವಾಸಿಯಾಯ್ತು ಅಂತ ಹೇಳಿ,” ಅಂದರು ಮಾಸ್ಟರು.

ಅವನು ಬೀದಿ ದಾಟುವುದನ್ನು ರಫೂ ಅಮ್ಮ ಕಿಟಕಿಯಿಂದ ನೋಡಿದಳು. ಎಡಗಣ್ಣು ಇನ್ನೂ ಮಂಜಾಗಿಯೇ ಇತ್ತು, ಅದಕ್ಕೆ ಮುಂದಿನ ವಾರ. ಪರದೆಯನ್ನು ಪೂರ್ತಿ ಸರಿಸಿ, ಹೊಲಿಯಲು ಬಂದಿದ್ದ ಯಾರದೋ ಉಣ್ಣೆಯ ಶಾಲನ್ನು ಮಡಿಲಿಗೆ ಎಳೆದುಕೊಂಡಳು.

“ರೀ, ಆ ಮೆಷಿನ್ ಸ್ವಲ್ಪ ಆಚೆ ತಳ್ಳಿ. ನೆರಳು ಬೀಳ್ತಾ ಇದೆ.”

“ಹನ್ನೆರಡು ವರ್ಷದಿಂದ ಅಲ್ಲೇ ಇದೆ ಅದು.”

“ಇರ್ಲಿ. ತಳ್ಳಿ.”

ಮಾಸ್ಟರು ಎದ್ದು ಮೆಷಿನ್ನಿಗೆ ಭುಜ ಕೊಟ್ಟರು.